ಮೋಡದ ದಿನ ಮೇಲುಕೋಟೆ: ಮನೆಮಂದಿಯೆಲ್ಲ ಬೆಟ್ಟ ಹತ್ತಿ ಇಳಿದು ಬರುವ ಬಗೆ

ಆಷಾಢದ ಮೋಡ ಕವಿಯಿತು ಅಂದರೆ ನಮ್ಮ ಮನೆಯಲ್ಲಿ ಬೆಟ್ಟದ ಮಾತು ಶುರುವಾಗುತ್ತದೆ. ಬಿಸಿಲಿಲ್ಲ, ತಂಪಾಗಿದೆ, ಭಾನುವಾರ ಮಕ್ಕಳಿಗೆ ರಜ. ಹೊರಡಲು ಇನ್ನೇನು ಬೇಕು? ಆದರೆ ಬೆಳಗ್ಗೆ ತಂಪು ಕೊಟ್ಟ ಮೋಡ ಮಧ್ಯಾಹ್ನ ಎರಡಕ್ಕೆ ಏನು ಮಾಡುತ್ತದೋ, ಅದನ್ನು ಹೇಳುವವರು ಯಾರೂ ಇಲ್ಲ.

ಮೂರು ವರ್ಷದ ಹಿಂದೆ ಒಂದು ಸೆಪ್ಟೆಂಬರ್ ಭಾನುವಾರ ನಾವು ಮೈಸೂರಿನಿಂದ ಮೇಲುಕೋಟೆಗೆ ಹೋಗಿ ಎಲ್ಲವನ್ನೂ ಉಲ್ಟಾ ಮಾಡಿದ್ದೆವು. ಮನೆ ಬಿಟ್ಟಿದ್ದು ಹತ್ತು ಗಂಟೆಗೆ. ತಲುಪಿದ ಕೂಡಲೇ ಪುಳಿಯೋಗರೆ ತಿಂದೆವು, ಕಲ್ಯಾಣಿ ಮೆಟ್ಟಿಲ ಮೇಲೆ ಕೂತು ಹರಟಿದೆವು. ಬೆಟ್ಟದ ಬುಡಕ್ಕೆ ಬಂದಾಗ ಎರಡೂವರೆ. ಅರ್ಧ ಹತ್ತಿದ್ದೆವು, ಗುಡುಗಿತು. ಛತ್ರಿ ಬಿಚ್ಚಿದರೆ ಗಾಳಿಗೆ ಹೂವಿನ ಹಾಗೆ ಮೇಲಕ್ಕೆ ಅರಳಿಕೊಂಡಿತು. ಗಡಿಬಿಡಿಯಲ್ಲಿ ಇಳಿಯುವಾಗ ಅತ್ತೆಯವರ ಹವಾಯಿ ಚಪ್ಪಲಿ ಜಾರಿ, ಕೈ ಊರಿ, ಮಣಿಕಟ್ಟು ಊದಿಕೊಂಡಿತು. ಹದಿನೈದು ದಿನ ಅವರು ರೊಟ್ಟಿ ತಟ್ಟಲಿಲ್ಲ. ಆ ಹದಿನೈದು ದಿನ ತಟ್ಟಿದ್ದು ನಾನು, ಅದನ್ನು ಯಾರೂ ನೆನೆಯುವುದಿಲ್ಲ ಬಿಡಿ.

ಅಲ್ಲಿಂದೀಚೆಗೆ ನಮ್ಮ ಮನೆಯಲ್ಲಿ ಒಂದೇ ನಿಯಮ. ಬೆಟ್ಟ ಮೊದಲು, ಮಿಕ್ಕಿದ್ದೆಲ್ಲ ಆಮೇಲೆ. ಈ ನಿಯಮ ಇಟ್ಟುಕೊಂಡು ಮೋಡದ ದಿನವೂ ನಾಲ್ಕೈದು ಸಲ ಹೋಗಿ ಬಂದಿದ್ದೇವೆ. ಹೇಗೆ ಮಾಡುತ್ತೇವೆ ಅಂತ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತೇನೆ.

1. ಬೆಟ್ಟ ಆರಿಸುವುದು

ಮನೆಯಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರು ಯಾರು? ಅವರಿಗೆ ಆಗುವ ಬೆಟ್ಟವೇ ನಿಮ್ಮ ಬೆಟ್ಟ. ನಮ್ಮಲ್ಲಿ ಅದು ಅತ್ತೆ. ಮಂಡಿ ನೋವಿದೆ, ಹಟವೂ ಇದೆ.

ಮೇಲುಕೋಟೆ ನಮಗೆ ಒಗ್ಗಲು ಕಾರಣವಿದೆ. ಮೈಸೂರಿನಿಂದ ಸುಮಾರು 50 ಕಿಲೋಮೀಟರ್, ಮಂಡ್ಯದಿಂದ ಇನ್ನೂ ಹತ್ತಿರ. ಊರೇ ಗುಡ್ಡದ ಮೇಲಿದೆ. ಹಾಗಾಗಿ ಯೋಗಾನರಸಿಂಹನ ಬೆಟ್ಟಕ್ಕೆ ಹತ್ತಬೇಕಾದ ಮೆಟ್ಟಿಲು ಒಂದು ಹಿಡಿತದಲ್ಲಿರುತ್ತದೆ. ಮಳೆ ಬಂದರೆ ಇಳಿದು ಸೇರಿಕೊಳ್ಳಲು ಕೆಳಗೆ ಊರಿದೆ, ಚೆಲುವನಾರಾಯಣನ ಗುಡಿ ಇದೆ, ಬಿಸಿ ಊಟ ಇದೆ. ಪಾಂಡವಪುರದ ಕುಂತಿ ಬೆಟ್ಟವೂ ಚೆನ್ನಾಗಿದೆ, ಆದರೆ ಅದು ಬರೀ ಬಂಡೆ. ಒದ್ದೆಯಾದ ದಿನ ಮಕ್ಕಳನ್ನೂ ವಯಸ್ಸಾದವರನ್ನೂ ಕಟ್ಟಿಕೊಂಡು ಅಲ್ಲಿಗೆ ಹೋಗಲು ನಾನು ಒಪ್ಪುವುದಿಲ್ಲ.

2. ಯಾವ ತಿಂಗಳ ಮೋಡ ಅಂತ ನೋಡಿ

ಮೋಡ ಮೋಡದಲ್ಲೂ ವ್ಯತ್ಯಾಸ ಇದೆ. ಇದನ್ನು ತಿಳಿದುಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಜೂನ್‌ನಿಂದ ಆಗಸ್ಟ್‌ವರೆಗಿನ ಮೋಡ ಪಶ್ಚಿಮದಿಂದ ಬರುತ್ತದೆ. ಕೊಡಗು, ಮಲೆನಾಡಿನಲ್ಲಿ ಸುರಿದು, ಘಟ್ಟ ದಾಟಿ ನಮ್ಮ ಕಡೆ ಬರುವಷ್ಟರಲ್ಲಿ ಅದರ ಹೊಟ್ಟೆ ಖಾಲಿ. ಮೈಸೂರು, ಮಂಡ್ಯ ಎರಡೂ ಘಟ್ಟದ ಮಳೆನೆರಳಲ್ಲಿವೆ. ಹಾಗಾಗಿ ಜುಲೈನಲ್ಲಿ ದಿನವಿಡೀ ಮುಸುಕು, ಗಾಳಿ, ಆಗಾಗ ಸೋನೆ. ನೆನೆಯುತ್ತೀರಿ, ಆದರೆ ಹೆದರಬೇಕಾದ್ದು ಕಡಿಮೆ. ಮಕ್ಕಳನ್ನು ಕರೆದೊಯ್ಯಲು ನನಗೆ ಇದೇ ಇಷ್ಟದ ಕಾಲ.

ಏಪ್ರಿಲ್, ಮೇ ಮತ್ತು ಸೆಪ್ಟೆಂಬರ್, ಅಕ್ಟೋಬರ್ ಬೇರೆ. ನಮ್ಮ ಜಿಲ್ಲೆಗಳಲ್ಲಿ ಜೋರು ಮಳೆ ಬೀಳುವುದೇ ಈ ತಿಂಗಳುಗಳಲ್ಲಿ. ಬೆಳಗ್ಗೆ ಹಿತವಾಗಿರುತ್ತದೆ. ಹನ್ನೊಂದಕ್ಕೆ ಬಿಸಿಲು ಚುರುಕಾಗಿ ಸೆಖೆ ಹೊಡೆಯುತ್ತದೆ. ನೆಲ ಕಾದು, ಹಸಿ ಗಾಳಿ ಮೇಲೇರಿ, ಮಧ್ಯಾಹ್ನದ ಮೇಲೆ ಕಪ್ಪು ಮೋಡ ಗೋಪುರದ ಹಾಗೆ ಎದ್ದು ನಿಲ್ಲುತ್ತದೆ. ಆಮೇಲೆ ಗುಡುಗು, ಸಿಡಿಲು, ಒಂದೊಂದು ಸಲ ಆಲಿಕಲ್ಲು. ಅತ್ತೆಯವರ ಲೆಕ್ಕ ನಕ್ಷತ್ರದ್ದು. ಅಕ್ಟೋಬರ್ ಎರಡನೇ ವಾರ ಹೊರಡುತ್ತೇವೆ ಅಂದರೆ "ಚಿತ್ತೆ ಮಳೆ ಕಣಮ್ಮಾ, ಅದಕ್ಕೆ ಬುದ್ಧಿ ನೆಟ್ಟಗಿಲ್ಲ" ಅನ್ನುತ್ತಾರೆ. ಹವಾಮಾನ ಇಲಾಖೆ ಹೇಳುವುದೂ ಹೆಚ್ಚುಕಡಿಮೆ ಅದನ್ನೇ, ಸ್ವಲ್ಪ ಮರ್ಯಾದೆಯಿಂದ.

ಹಾಗಾಗಿ ಜುಲೈ ಆದರೆ ಮಧ್ಯಾಹ್ನ ಹನ್ನೆರಡೂವರೆಯವರೆಗೂ ಬೆಟ್ಟದಲ್ಲಿರಬಹುದು. ಅಕ್ಟೋಬರ್ ಆದರೆ ಹನ್ನೊಂದೂವರೆಗೆ ಕೆಳಗಿರಬೇಕು. ಆಕಾಶ ನೀಲಿಯಾಗಿದ್ದರೂ ಅಷ್ಟೇ.

3. ಹಿಂದಿನ ರಾತ್ರಿ

ಫೋನಿನಲ್ಲಿ ಎರಡು ನೋಡಿ. ಹವಾಮಾನ ಇಲಾಖೆಯ ಜಿಲ್ಲಾವಾರು ಎಚ್ಚರಿಕೆ ಒಂದು. ಹಳದಿ ಅಂದರೆ ಗಮನ ಇಟ್ಟುಕೊಂಡು ಹೋಗಿ. ಕಿತ್ತಳೆ, ಕೆಂಪು ಅಂದರೆ ಮನೆಯಲ್ಲೇ ಬೋಂಡಾ ಮಾಡಿಕೊಳ್ಳಿ. ಇನ್ನೊಂದು ದಾಮಿನಿ ಆ್ಯಪ್. ಪುಣೆಯ ಹವಾಮಾನ ಸಂಸ್ಥೆ ಮಾಡಿದ್ದು, ಸುತ್ತಮುತ್ತ ಎಲ್ಲಿ ಸಿಡಿಲು ಬೀಳುತ್ತಿದೆ ಅಂತ ತೋರಿಸುತ್ತದೆ. ರಾತ್ರಿಯೇ ಹಾಕಿಕೊಳ್ಳಿ, ಬೆಟ್ಟದ ಮೇಲೆ ನಿಂತು ಡೌನ್‌ಲೋಡ್ ಮಾಡಲು ಹೋಗಬೇಡಿ.

ಬಟ್ಟೆಯ ವಿಷಯದಲ್ಲಿ ನನ್ನದು ಸ್ವಲ್ಪ ಕಟ್ಟುನಿಟ್ಟು. ಜೀನ್ಸ್ ಬೇಡ. ನೆಂದರೆ ಕಲ್ಲಿನ ಭಾರ, ಸಂಜೆವರೆಗೂ ಒಣಗುವುದಿಲ್ಲ. ತೆಳು ಪ್ಯಾಂಟ್, ಚೂಡಿದಾರ್ ಸಾಕು. ಅತ್ತೆ ಸೀರೆಯನ್ನೇ ಉಡುತ್ತಾರೆ, ಆದರೆ ಗಿಣ್ಣಿನಿಂದ ನಾಲ್ಕು ಬೆರಳು ಮೇಲೆ. ಮೊದಲು ಮುಖ ಗಂಟು ಹಾಕಿಕೊಂಡರು, ಈಗ ಅವರೇ ಎತ್ತಿ ಸಿಕ್ಕಿಸುತ್ತಾರೆ. ಮೈಸೂರಿಗಿಂತ ಬೆಟ್ಟದ ತುದಿ ಮುನ್ನೂರು ಮೀಟರ್ ಮೇಲಿರಬಹುದು. ಆ ಎತ್ತರಕ್ಕೆ ಇಳಿಯುವ ಉಷ್ಣಾಂಶ ಎರಡು ಡಿಗ್ರಿ ಮಾತ್ರ. ಚಳಿ ಹಿಡಿಸುವುದು ಗಾಳಿ. ಬೆವರಿದ ಮೈಗೆ, ನೆಂದ ಬೆನ್ನಿಗೆ ಗಾಳಿ ಬಡಿದರೆ ಮಕ್ಕಳು ನಡುಗುತ್ತಾರೆ. ಅದಕ್ಕೆ ದಪ್ಪ ಸ್ವೆಟರ್‌ಗಿಂತ ಗಾಳಿ ತಡೆಯುವ ತೆಳು ರೇನ್‌ಕೋಟ್ ಒಳ್ಳೆಯದು. ಛತ್ರಿ ಊರೊಳಗೆ ಓಡಾಡಲು ಇರಲಿ, ಬೆಟ್ಟಕ್ಕೆ ಬೇಡ. ಅದರ ಕಥೆ ಆಗಲೇ ಹೇಳಿದೆ.

ಒಬ್ಬೊಬ್ಬರಿಗೂ ಒಂದು ಜೊತೆ ಒಣ ಬಟ್ಟೆ. ಅದರಲ್ಲೂ ಒಳ ಉಡುಪು, ಬನಿಯನ್. ಇವನ್ನು ಬೆಟ್ಟಕ್ಕೆ ಹೊರಬೇಡಿ, ಕಾರಿನಲ್ಲೇ ಬಿಡಿ. ಟರ್ಕಿ ಟವೆಲ್ ಬದಲು ಎರಡು ತೆಳು ಹತ್ತಿ ಟವೆಲ್. ಹಿಂಡಿ ಒದರಿದರೆ ಮತ್ತೆ ಕೆಲಸಕ್ಕೆ ಬರುತ್ತವೆ. ಹಳೆ ಪೇಪರ್ ಒಂದು ಕಟ್ಟು ಇಟ್ಟುಕೊಳ್ಳಿ. ನೆಂದ ಶೂ ಒಳಗೆ ತುರುಕಿದರೆ ನೀರು ಹೀರುತ್ತದೆ, ಕಾರಿನ ಕಾಲಡಿಗೂ ಹಾಸಬಹುದು. ಫೋನ್‌ಗೆ? ಅರ್ಧ ಲೀಟರ್ ನಂದಿನಿ ಹಾಲಿನ ಕವರನ್ನು ತೊಳೆದು ಒಣಗಿಸಿ. ಫೋನ್ ಒಳಗಿಟ್ಟು ಬಾಯಿ ಮಡಚಿ ರಬ್ಬರ್ ಬ್ಯಾಂಡ್ ಹಾಕಿದರೆ ಆಯಿತು. ನಮ್ಮ ಮಗಳಿಗೆ ಇದು ನಾಚಿಕೆಯ ವಿಷಯ. ಮಳೆ ಬಂದಾಗ ಮೊದಲು ಕೈ ಚಾಚುವವಳೂ ಅವಳೇ.

ಅತ್ತೆಯವರ ಬಿಪಿ, ಶುಗರ್ ಮಾತ್ರೆ ನನ್ನ ಬ್ಯಾಗಿನಲ್ಲಿ. ಜೊತೆಗೆ ಗ್ಲೂಕೋಸ್ ಬಿಸ್ಕತ್ತು, ಬ್ಯಾಂಡೇಜ್ ಪಟ್ಟಿ, ಒಂದು ಫ್ಲಾಸ್ಕ್ ಬಿಸಿನೀರು. ಶುಂಠಿ ಜಜ್ಜಿ ಹಾಕಿದ ಕಷಾಯ ಇನ್ನೂ ಒಳ್ಳೆಯದು, ಆದರೆ ಮಕ್ಕಳು ಕುಡಿಯಬೇಕಲ್ಲ.

4. ಬೆಳಗ್ಗೆ ಆರು ಗಂಟೆ: ತಾರಸಿ ಹತ್ತಿ ಚಾಮುಂಡಿ ಬೆಟ್ಟ ನೋಡಿ

ಮೈಸೂರಿನವರಿಗೆ ದೇವರು ಕೊಟ್ಟ ಹವಾಮಾನ ಕೇಂದ್ರ ಇದು. ಚಾಮುಂಡಿ ಬೆಟ್ಟದ ತುದಿ, ಮೇಲುಕೋಟೆ ಬೆಟ್ಟದ ತುದಿ ಎರಡೂ ಸಮುದ್ರಮಟ್ಟದಿಂದ ಸಾವಿರ ಮೀಟರ್ ಆಸುಪಾಸಿನಲ್ಲಿವೆ. ಇಲ್ಲಿ ತುದಿಗೆ ಮೋಡ ಕೂತಿದ್ದರೆ ಅಲ್ಲೂ ಕೂತಿರುವ ಸಾಧ್ಯತೆ ಜಾಸ್ತಿ.

ನಾನು ನೋಡುವುದು ಹೀಗೆ. ತುದಿ ಮಾತ್ರ ಕಾಣುತ್ತಿಲ್ಲ, ಸೊಂಟದಿಂದ ಕೆಳಗೆ ಬೆಟ್ಟ ಸ್ಪಷ್ಟವಾಗಿದೆ. ಅಂದರೆ ಬೆಳಗಿನ ತಗ್ಗು ಮೋಡ, ಒಂಬತ್ತರ ಹೊತ್ತಿಗೆ ಏಳುತ್ತದೆ. ಹೊರಡಿ. ಇಡೀ ಬೆಟ್ಟವೇ ಬೂದುಬಣ್ಣದ ಪರದೆ ಹಿಂದೆ ಮಾಯವಾಗಿದೆ. ಅಂದರೆ ಅಲ್ಲಿ ಮಳೆ ಬೀಳುತ್ತಿದೆ. ಅರ್ಧ ಗಂಟೆ ಕಾಫಿ ಕುಡಿಯುತ್ತಾ ಕಾಯಿರಿ. ಬೆಟ್ಟ ತೀರಾ ಹತ್ತಿರ ಬಂದ ಹಾಗೆ, ಮರ ಮರ ಎಣಿಸುವಷ್ಟು ನಿಚ್ಚಳ ಕಾಣುತ್ತಿದೆಯಾ? ಮಕ್ಕಳು ಖುಷಿಪಡುತ್ತಾರೆ. ಮಳೆಗಾಲದಲ್ಲಿ ನನಗೆ ಇದು ಕಂಡರೆ ಅನುಮಾನ. ಮಳೆ ಗಾಳಿಯ ಧೂಳನ್ನು ತೊಳೆದು ಹೋಗಿದೆ, ಹಸಿ ಇನ್ನೂ ಇದೆ, ಬಿಸಿಲೂ ಬೀಳುತ್ತದೆ. ಮಧ್ಯಾಹ್ನಕ್ಕೆ ಕಾದಿದೆ ಅಂತಲೇ ಹೊರಡುತ್ತೇನೆ.

ಇದೇ ಹೊತ್ತಿಗೆ ವಾಪಸ್ ಗಂಟೆಯನ್ನೂ ಎಲ್ಲರ ಎದುರಿಗೆ ಹೇಳಿಬಿಡಿ. "ಹನ್ನೊಂದೂವರೆಗೆ ಎಲ್ಲರೂ ಕೆಳಗಿರಬೇಕು." ಮನೆಯಲ್ಲೇ ಒಪ್ಪಿಕೊಂಡದ್ದನ್ನು ಬೆಟ್ಟದ ಮೇಲೆ ಯಾರೂ ವಾದಿಸುವುದಿಲ್ಲ. ನಮ್ಮ ಮೈದುನನನ್ನು ಬಿಟ್ಟು.

5. ದಾರಿ

ಆರೂವರೆ, ಏಳಕ್ಕೆ ಹೊರಡಿ. ಶ್ರೀರಂಗಪಟ್ಟಣ, ಪಾಂಡವಪುರ, ಜಕ್ಕನಹಳ್ಳಿ, ಮೇಲುಕೋಟೆ. ನಿಧಾನವಾಗಿ ಹೋದರೂ ಒಂದೂವರೆ ಗಂಟೆ. ಕಾರಿಲ್ಲದವರಿಗೆ ಸರ್ಕಾರಿ ಬಸ್ಸಿದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ಹಾಗಾಗಿ ಭಾನುವಾರ ಸೀಟೂ ಇಲ್ಲ. ಶನಿವಾರ ಹೋಗುವುದಾದರೆ ಹೋಗಿ.

ಮಂಡ್ಯ ಸೀಮೆಯ ರಸ್ತೆಗೆ ಅದರದೇ ಆದ ರೂಢಿಗಳಿವೆ. ಕಬ್ಬು ಕಟಾವಿನ ಕಾಲದಲ್ಲಿ ಟ್ರ್ಯಾಕ್ಟರ್ ಎರಡೆರಡು ಟ್ರೈಲರ್ ಎಳೆದುಕೊಂಡು ಹೋಗುತ್ತದೆ. ಹಿಂದೆ ಎಷ್ಟೋ ಸಲ ದೀಪ ಇರುವುದಿಲ್ಲ. ಮಬ್ಬು ಬೆಳಕಿನಲ್ಲಿ ಅದು ಕಾಣುವುದು ತೀರಾ ಹತ್ತಿರ ಹೋದಮೇಲೆ. ಸುಗ್ಗಿಯಲ್ಲಾದರೆ ಹುರುಳಿ, ರಾಗಿಯನ್ನು ರಸ್ತೆಗೇ ಹಾಸಿರುತ್ತಾರೆ, ವಾಹನ ಹರಿದು ಕಾಳು ಉದುರಲಿ ಅಂತ. ಒಣಗಿದ್ದಾಗ ಪರವಾಗಿಲ್ಲ. ಅದರ ಮೇಲೆ ನಾಲ್ಕು ಹನಿ ಬಿದ್ದರೆ ಎಣ್ಣೆ ಸುರಿದ ಹಾಗೆ. ಬ್ರೇಕ್ ಒತ್ತದೆ, ಮೊದಲೇ ನಿಧಾನ ಮಾಡಿ ದಾಟಿ.

ಮಂಜು ಕವಿದರೆ ಹೈ ಬೀಮ್ ಹಾಕಬೇಡಿ. ಬೆಳಕು ಮಂಜಿಗೆ ಹೊಡೆದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಲೋ ಬೀಮ್ ಇರಲಿ. ನಾಲ್ಕೂ ಇಂಡಿಕೇಟರ್ ಮಿನುಗಿಸಿಕೊಂಡು ಓಡಿಸುವ ಚಟ ಸುಮಾರು ಜನಕ್ಕೆ ಇದೆ. ಅದು ನಿಂತ ಗಾಡಿಗೆ ಇರುವ ದೀಪ. ಒಳಗೆ ಐದು ಜನ ಉಸಿರಾಡಿ ಗಾಜು ಮಸುಕಾದರೆ ಎಸಿ ಹಾಕಿ ಗಾಜಿನ ಕಡೆ ತಿರುಗಿಸಿ, ಕೈಯಲ್ಲಿ ಒರೆಸುತ್ತಾ ಕೂರಬೇಡಿ. ವೈಪರ್ ರಬ್ಬರ್ ಹಿಂದಿನ ದಿನವೇ ನೋಡಿಕೊಂಡಿರಬೇಕು.

ತಿಂಡಿ ದಾರಿಯಲ್ಲಿ ಬೇಡ. ಮನೆಯಿಂದ ಇಡ್ಲಿ ಕಟ್ಟಿಕೊಂಡು ಕಾರಿನಲ್ಲೇ ಮುಗಿಸಿದರೆ ಮುಕ್ಕಾಲು ಗಂಟೆ ಉಳಿಯುತ್ತದೆ. ಮೋಡದ ದಿನ ಆ ಮುಕ್ಕಾಲು ಗಂಟೆಗೆ ಬೆಲೆ ಜಾಸ್ತಿ.

6. ಬೆಟ್ಟ ಹತ್ತುವುದು

ಮೇಲುಕೋಟೆ ತಲುಪಿದ ಕೂಡಲೇ ನಾಲಿಗೆ ಪುಳಿಯೋಗರೆ ಕಡೆ ಎಳೆಯುತ್ತದೆ. ಬೇಡ. ನೇರ ಬೆಟ್ಟಕ್ಕೆ ಹೋಗಿ. ಮೇಲಿನ ಗುಡಿಯ ಬಾಗಿಲೂ ಮಧ್ಯಾಹ್ನ ಮುಚ್ಚುತ್ತದೆ, ಅದಕ್ಕೂ ಬೆಳಗ್ಗೆಯೇ ಸರಿ.

ಚೀಲ ಖಾಲಿ ಮಾಡಿ. ಮೇಲಕ್ಕೆ ಬೇಕಾದ್ದು ನೀರು, ರೇನ್‌ಕೋಟ್, ಫೋನ್, ಮಾತ್ರೆ, ಬಿಸ್ಕತ್ತು ಅಷ್ಟೇ. ತಿನ್ನುವುದನ್ನೆಲ್ಲ ಬಾಯಿ ಮುಚ್ಚುವ ಬ್ಯಾಗಿನೊಳಗೆ ಹಾಕಿ. ಕೈಯಲ್ಲಿ ಪ್ಲಾಸ್ಟಿಕ್ ಕವರ್ ಹಿಡಿದಿರೋ, ಅದು ಕೋತಿಗೆ ಕೊಟ್ಟ ಆಮಂತ್ರಣ. ಒಂದು ಸಲ ನಮ್ಮ ಹುಡುಗನ ಕೈಯಿಂದ ಬಾಳೆಹಣ್ಣಿನ ಕವರ್ ಕಿತ್ತುಕೊಂಡ ಕೋತಿ, ಮಂಟಪದ ಮೇಲೆ ಕೂತು ಒಂದೊಂದೇ ಸುಲಿದು ತಿಂದು, ಖಾಲಿ ಕವರನ್ನು ಅವನ ಮುಂದೆಯೇ ಬಿಸಾಕಿತು. ಕಿತ್ತುಕೊಳ್ಳಲು ಬಂದರೆ ಬಿಟ್ಟುಬಿಡಿ. ಎಳೆದಾಡಿದರೆ ಪರಚುತ್ತದೆ, ಆಮೇಲೆ ರೇಬೀಸ್ ಚುಚ್ಚುಮದ್ದಿಗೆ ಅಲೆಯಬೇಕು.

ಕಾಲಿನ ವಿಷಯ ನಿಧಾನವಾಗಿ ಓದಿ, ಜಾರುವುದು ಇಲ್ಲೇ. ಒದ್ದೆ ಕಲ್ಲಿನ ಮೇಲೆ ಬರಿಗಾಲು ಹಿಡಿಯುವಷ್ಟು ಚೆನ್ನಾಗಿ ಸವೆದ ಚಪ್ಪಲಿ ಹಿಡಿಯುವುದಿಲ್ಲ. ಎಷ್ಟೋ ಜನ ಭಕ್ತಿಗೆ ಬರಿಗಾಲಲ್ಲಿ ಹತ್ತುತ್ತಾರೆ, ಮಳೆಯ ದಿನ ಅದು ಬುದ್ಧಿವಂತಿಕೆಯೂ ಹೌದು. ಶೂ ಹಾಕುವುದಾದರೆ ಅಡಿಯಲ್ಲಿ ಗೀರು ಇರಲಿ. ಚಳಿ ಅಂತ ಬರೀ ಸಾಕ್ಸ್‌ನಲ್ಲಿ ನಡೆಯಬೇಡಿ. ಕಲ್ಲಿನ ಮೇಲೆ ನೆಂದ ಸಾಕ್ಸ್‌ಗಿಂತ ಜಾರುವುದು ಬೇರೆ ಇಲ್ಲ.

ಮೆಟ್ಟಿಲ ಬಣ್ಣ ನೋಡಿ. ಹಸಿರು, ಕಪ್ಪು ಮಿಶ್ರ ಕಂಡರೆ ಪಾಚಿ. ನೆರಳಿನ ಮಗ್ಗುಲಲ್ಲಿ, ನೀರು ಹರಿಯುವ ಅಂಚಿನಲ್ಲಿ ಜಾಸ್ತಿ. ನಟ್ಟ ನಡುವೆ ಜನ ತುಳಿದು ತುಳಿದು ಕಲ್ಲು ಕನ್ನಡಿಯಾಗಿರುತ್ತದೆ, ಅದೂ ಜಾರುತ್ತದೆ. ಇವೆರಡರ ಮಧ್ಯೆ ಒರಟು ಉಳಿದ ಪಟ್ಟಿ ಇರುತ್ತದಲ್ಲ, ಅಲ್ಲಿ ಕಾಲಿಡಿ. ಪೂರ್ತಿ ಪಾದ ಊರಿ, ತುದಿಗಾಲಲ್ಲಿ ಬೇಡ.

ಮುಂದೆ ಅತ್ತೆ, ಹಿಂದೆ ನಾವು. ಮುಂದೆ ಹೋಗುವವರ ವೇಗವೇ ಎಲ್ಲರ ವೇಗವಾಗುವುದರಿಂದ ಯಾರೂ ಏದುಸಿರು ಬಿಡುವುದಿಲ್ಲ. ಮಕ್ಕಳು ಮುಂದೆ ಓಡುತ್ತಾರೆ ಅಂದರೆ ಒಂದು ಕೆಲಸ ಕೊಡಿ, ಮೆಟ್ಟಿಲು ಎಣಿಸಲಿ. ನಮ್ಮ ಮನೆಯ ಇಬ್ಬರ ಲೆಕ್ಕ ಇಲ್ಲಿಯವರೆಗೆ ಒಂದು ಸಲವೂ ತಾಳೆಯಾಗಿಲ್ಲ. ಸುಸ್ತಾದರೆ ದಾರಿಯ ಮಂಟಪಗಳಲ್ಲಿ ಕೂರಿ. ಎರಡೇ ನಿಮಿಷ, ಮೈ ಆರಿ ಚಳಿ ಹತ್ತುವ ಮುಂಚೆ ಏಳಿ.

7. ತುದಿಯಲ್ಲಿ

ಬಿಸಿಲಿನ ದಿನ ಇಲ್ಲಿಂದ ಊರು, ಕೆರೆ, ಹೊಲ ಎಲ್ಲ ಒಂದೇ ನೋಟಕ್ಕೆ ಸಿಗುತ್ತದೆ, ನೋಡಿ ಮುಗಿಸಿ ಇಳಿಯುತ್ತೀರಿ. ಮೋಡದ ದಿನ ಹಾಗಲ್ಲ. ಹೋದ ಜುಲೈನಲ್ಲಿ ನಾವು ಗುಡಿಯ ಹೊರಗೆ ನಿಂತಾಗ ಸುತ್ತ ಬರೀ ಬಿಳಿ. ಮಗಳು "ಏನೂ ಇಲ್ಲ ಅಮ್ಮಾ" ಅಂತ ಮುಖ ಊದಿಸಿದಳು. ಅಷ್ಟರಲ್ಲಿ ಗಾಳಿ ಬೀಸಿ ಮೋಡದಲ್ಲಿ ಒಂದು ಕಿಂಡಿ ಬಿತ್ತು. ಕೆಳಗೆ ಕಲ್ಯಾಣಿ ಮಾತ್ರ, ಚೌಕ ಕನ್ನಡಿ ಇಟ್ಟ ಹಾಗೆ, ಸುತ್ತ ಮಂಟಪದ ಕಂಬಗಳು. ಹತ್ತು ಎಣಿಸುವಷ್ಟರಲ್ಲಿ ಮುಚ್ಚಿಹೋಯಿತು. ಅತ್ತೆ ಅದಕ್ಕೂ ಕೈ ಮುಗಿದರು. ಹಾಗಾಗಿ ಏನೂ ಕಾಣುತ್ತಿಲ್ಲ ಅಂತ ತಕ್ಷಣ ಇಳಿಯಬೇಡಿ, ಕಾಲು ಗಂಟೆ ಕಾಯಿರಿ. ಬಂಡೆಯ ಅಂಚಿಗೆ ಹೋಗಿ ಸೆಲ್ಫಿ ಮಾತ್ರ ಬೇಡ. ಮಂಜಿನಲ್ಲಿ ಅಂಚು ಎಲ್ಲಿ ಮುಗಿಯುತ್ತದೆ ಅಂತ ಕಾಣುವುದಿಲ್ಲ.

ಕಾಯಬಾರದ್ದು ಗುಡುಗಿಗೆ. ಮಿಂಚು ಕಂಡ ಕೂಡಲೇ ಎಣಿಸಲು ಶುರುಮಾಡಿ. ಶಬ್ದ ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡ್ ಹಿಡಿಯುತ್ತದೆ. ಮೂವತ್ತರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ, ಮುಂದಿನದು ನಿಮ್ಮ ಬೆಟ್ಟಕ್ಕೇ ಬೀಳಬಹುದು. ಬಯಲು ಬಂಡೆಯ ಮೇಲೆ ನಿಂತವರು ಆ ಜಾಗದಲ್ಲಿ ಎಲ್ಲಕ್ಕಿಂತ ಎತ್ತರ. ಗೋಡೆ, ಬಾಗಿಲು ಇರುವ ಗುಡಿಯ ಒಳಗೆ ಸೇರಿಕೊಳ್ಳಿ. ನಾಲ್ಕು ಕಂಬದ ಬಯಲು ಮಂಟಪ ಮಳೆಗೆ ಆಸರೆ, ಸಿಡಿಲಿಗೆ ಅಲ್ಲ. ಒಂಟಿ ಮರದ ಕೆಳಗಂತೂ ನಿಲ್ಲಲೇಬೇಡಿ. ಸುಮ್ನೆ ಮಳೆ ಬಂದಾಗ ಕಬ್ಬಿಣದ ಕಂಬಿ ಹಿಡಿದು ಇಳಿಯಬೇಕು, ಗುಡುಗುವಾಗ ಅದೇ ಕಂಬಿಯಿಂದ ದೂರ ಇರಬೇಕು. ಕೊನೆಯ ಗುಡುಗು ಕೇಳಿದ ಮೇಲೆ ಅರ್ಧ ಗಂಟೆ ಬಿಟ್ಟು ಇಳಿಯಿರಿ.

ಹತ್ತುವ ದಾರಿಯಲ್ಲೇ ದೂರದ ಗುಡುಗು ಕೇಳಿದರೆ? ತಿರುಗಿ ಇಳಿಯಿರಿ. ಇನ್ನು ಐವತ್ತು ಮೆಟ್ಟಿಲು ಅಷ್ಟೇ ಅಂತ ಮೈದುನ ಹೇಳುತ್ತಾನೆ, ಕೇಳಬೇಡಿ.

8. ಇಳಿಯುವುದು

ಹತ್ತುವಾಗ ಉಸಿರು ಹೋಗುತ್ತದೆ, ಇಳಿಯುವಾಗ ಮಂಡಿ ಹೋಗುತ್ತದೆ. ಒದ್ದೆ ಮೆಟ್ಟಿಲನ್ನು ಅಡ್ಡಡ್ಡ ಇಳಿಯಿರಿ, ಒಂದು ಮೆಟ್ಟಿಲಿಗೆ ಎರಡೂ ಕಾಲು. ವಯಸ್ಸಾದವರಿಗಿಂತ ಒಂದು ಮೆಟ್ಟಿಲು ಕೆಳಗೆ ಗಟ್ಟಿ ಆಳು ಇರಲಿ. ಅವರು ನಿಮ್ಮ ಭುಜ ಹಿಡಿಯಲಿ, ನೀವು ಅವರ ಕೈ ಹಿಡಿದು ಎಳೆಯಬೇಡಿ. ಮಕ್ಕಳಿಗೆ ಓಡುವ ಚಪಲ ಬರುವುದು ಕೊನೆಯ ಮೆಟ್ಟಿಲುಗಳಲ್ಲಿ, ಅಲ್ಲೇ ಎಚ್ಚರ.

ಕೆಳಗೆ ಬಂದ ಮೇಲೆ ಊಟಕ್ಕೆ ಮುಂಚೆ ಬಟ್ಟೆ. ಮಕ್ಕಳ ತಲೆ, ಎದೆ, ಬೆನ್ನು ಒರೆಸಿ ಒಣ ಬನಿಯನ್ ಹಾಕಿ. ಮೇಲಂಗಿ ಆಮೇಲೆ ಹಾಕಿದರೂ ನಡೆಯುತ್ತದೆ. ಬಿಸಿನೀರು ಎರಡು ಗುಟುಕು. ಈಗ ಪುಳಿಯೋಗರೆ, ಸಕ್ಕರೆ ಪೊಂಗಲ್, ಎಷ್ಟು ಬೇಕಾದರೂ. ಮೇಲುಕೋಟೆ ಪುಳಿಯೋಗರೆಯ ಗೊಜ್ಜು ಕಪ್ಪಗೆ, ಎಣ್ಣೆ ಮುಂದಾಗಿ, ಹುಳಿ ನಾಲಿಗೆಯ ಬದಿಗೆ ಹಿಡಿಯುತ್ತದೆ. ನೆಂದು ಬಂದ ಹೊಟ್ಟೆಗೆ ಅದರ ರುಚಿ ಬೇರೆ. ಮೂರು ವರ್ಷದ ಹಿಂದೆ ಒಣಗಿದ ಮೈಯಲ್ಲಿ ತಿಂದಾಗ ಹೀಗಿರಲಿಲ್ಲ.

9. ಮಿಕ್ಕ ಮಧ್ಯಾಹ್ನ

ಇನ್ನು ಮಳೆ ಬಂದರೂ ಬರಲಿ. ಆಕಾಶ ಬಿಟ್ಟಿದ್ದರೆ ಅಕ್ಕತಂಗಿ ಕೊಳ, ಪೂರ್ತಿಯಾಗದೆ ನಿಂತ ರಾಯಗೋಪುರ. ಮಳೆ ಹಿಡಿದರೆ ಚೆಲುವನಾರಾಯಣನ ಗುಡಿ. ಮಧ್ಯಾಹ್ನ ಬಾಗಿಲು ಹಾಕಿ ಸಂಜೆ ತೆರೆಯುತ್ತಾರೆ, ಆ ಹೊತ್ತಿಗೆ ಹೊಂದಿಸಿಕೊಳ್ಳಿ. ಮಧ್ಯೆ ಸಮಯ ಉಳಿದರೆ ಕೈಮಗ್ಗದ ಪಂಚೆ, ಟವೆಲ್ ನೋಡಬಹುದು. ನಮ್ಮ ತೆಳು ಟವೆಲ್ ಅಲ್ಲಿಯದೇ.

ವಾಪಸ್ ಬರುವಾಗ ತೊಣ್ಣೂರು ಕೆರೆಗೆ ತಿರುಗೋಣ ಅಂತ ಯಾರಾದರೂ ಅನ್ನುತ್ತಾರೆ. ದಡದಲ್ಲಿ ನಿಂತು ನೋಡಿ ಬನ್ನಿ, ನೀರಿಗೆ ಇಳಿಯಬೇಡಿ. ತಿಳಿಯಾಗಿ ಕಂಡರೂ ಆಳ ಇದೆ.

10. ಬೆಳಗ್ಗೆಯೇ ಕೆಟ್ಟರೆ

ಆರು ಗಂಟೆಗೇ ಸುರಿಯುತ್ತಿದ್ದರೆ ಮೇಲುಕೋಟೆ ಬಿಡಿ. ಹತ್ತರ ನಂತರ ಹೊಳವಾದರೆ ಚಾಮುಂಡಿ ಬೆಟ್ಟ ಇದೆ. ಬಸ್ಸಿನಲ್ಲಿ ಹತ್ತಿ, ತಾಯಿಯನ್ನು ನೋಡಿ, ಬಸ್ಸಿನಲ್ಲೇ ಇಳಿಯಿರಿ. ಸಾವಿರಕ್ಕೂ ಹೆಚ್ಚು ಮೆಟ್ಟಿಲಿನ ದಾರಿ ಒಣ ದಿನಕ್ಕೆ ಇರಲಿ. ನಾಲ್ಕೈದು ದಿನ ಬಿಡದೆ ಮಳೆ ಹೊಡೆದ ಮೇಲೆ ರಸ್ತೆ ತೆರೆದಿದೆಯಾ ಅಂತ ಕೇಳಿಕೊಂಡೇ ಹೋಗಿ. 2021ರ ಅಕ್ಟೋಬರ್ ಮಳೆಗೆ ಇದೇ ಬೆಟ್ಟದಲ್ಲಿ ನಂದಿ ವಿಗ್ರಹಕ್ಕೆ ಹೋಗುವ ರಸ್ತೆಯ ಅಂಚು ಕುಸಿದಿತ್ತು. ಆಷಾಢ ಶುಕ್ರವಾರವಂತೂ ಇದು ವಿಹಾರದ ಜಾಗವೇ ಅಲ್ಲ, ಖಾಸಗಿ ವಾಹನ ಮೇಲಕ್ಕೆ ಬಿಡುವುದಿಲ್ಲ, ಸಾಲು ಉದ್ದ. ಅದೂ ಆಗದಿದ್ದರೆ ರೈಲ್ವೆ ಮ್ಯೂಸಿಯಂ.

11. ಮನೆಗೆ ಬಂದ ಮೇಲೆ

ಬೆಳಕಿರುವಾಗಲೇ ಹೊರಟು ಬನ್ನಿ. ಬಂದ ಕೂಡಲೇ ಸೋಫಾ ಮೇಲೆ ಬೀಳುವ ಮುಂಚೆ ಕಾರಿನಿಂದ ಒದ್ದೆ ಚೀಲ ತೆಗೆಯಿರಿ. ಒಂದು ರಾತ್ರಿ ಬಿಟ್ಟರೆ ಸೋಮವಾರ ಆಫೀಸಿಗೆ ಹೋಗುವವರು ಮೂಗು ಮುಚ್ಚಿಕೊಂಡು ಹೋಗಬೇಕು. ಶೂಗೆ ಪೇಪರ್ ತುರುಕಿ ಫ್ಯಾನ್ ಕೆಳಗಿಡಿ, ರಾತ್ರಿ ಮಲಗುವಾಗ ಪೇಪರ್ ಒಮ್ಮೆ ಬದಲಿಸಿ. ರೇನ್‌ಕೋಟ್ ಮಡಚಬೇಡಿ, ನೇತುಹಾಕಿ. ಅತ್ತೆಯವರ ಮಂಡಿಗೆ ಬಿಸಿನೀರಿನ ಶಾಖ. ನಮ್ಮಲ್ಲಿ ಆ ಹೊತ್ತಿಗೆ ಅವರು ಕಾಲು ಚಾಚಿ ಕೂತು, "ಆರಿದ್ರಾ ಮಳೇಲಿ ಇನ್ನೊಂದು ಸಲ ಹೋಗೋಣ ಕಣೆ" ಅಂತ ಪಂಚಾಂಗ ಕೇಳುತ್ತಿರುತ್ತಾರೆ.